ಗೇನ್, ಕ್ಲಿಪ್ಪಿಂಗ್ ಮತ್ತು ಹಗುರಾಗುವ ಸ್ಟೀರಿಂಗ್: ಫೋರ್ಸ್ ಫೀಡ್‌ಬ್ಯಾಕ್ ಹೊಂದಿಸುವ ಬಗ್ಗೆ ಟಿಪ್ಪಣಿ

ಕಂಪ್ಯೂಟರಿನ ಕಾರ್ ರೇಸಿಂಗ್ ಸಿಮ್ಯುಲೇಟರಿನಲ್ಲಿ ಟೈರಿನ ಬಲವನ್ನು ಸ್ಟೀರಿಂಗಿನೊಳಗಿನ ಮೋಟಾರು ಕೈಗೆ ತಲುಪಿಸುವುದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಲಾಜಿಟೆಕ್ ಜಿ29 ಸ್ಟೀರಿಂಗ್ ಮತ್ತು 2014ರ ಅಸೆಟ್ಟೊ ಕೋರ್ಸಾ ಸಿಮ್ಯುಲೇಟರ್ ಇವೆರಡನ್ನು ಮುಂದಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ಬೇರೆ ಸಿಮ್ಯುಲೇಟರ್‌ಗಳಲ್ಲಿ ಸೆಟ್ಟಿಂಗ್‌ಗಳ ಹೆಸರು ಬದಲಾದರೂ ತತ್ತ್ವ ಹೆಚ್ಚುಕಡಿಮೆ ಇದೇ. ಡ್ರೈವರ್ ಅಳವಡಿಸುವುದು, ತಿರುಗುವ ಕೋನವನ್ನು 900 ಡಿಗ್ರಿಗೆ ಇಡುವುದು ಮುಂತಾದವು ಯಾರಿಗೂ ಕಷ್ಟವಾಗಲಾರವು, ಅವನ್ನು ಬಿಟ್ಟಿದ್ದೇನೆ.

ಕೈಗೆ ಬರುವ ಬಲ ಎಲ್ಲಿಂದ ಬರುತ್ತದೆ

ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡಬಲವು, ಟೈರು ನೆಲಕ್ಕೆ ತಾಗುವ ಭಾಗದ ನಟ್ಟನಡುವೆ ಅಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ ಕೆಲಸ ಮಾಡುತ್ತದೆ. ಆ ಅಂತರಕ್ಕೆ ನ್ಯೂಮ್ಯಾಟಿಕ್ ಟ್ರೇಲ್ ಎನ್ನುತ್ತಾರೆ. ಸ್ಟೀರಿಂಗನ್ನು ನೇರಕ್ಕೆ ಎಳೆಯುವ ಟಾರ್ಕಿನ (ತಿರುಗಿಸುವ ಬಲದ) ದೊಡ್ಡ ಪಾಲು ಹುಟ್ಟುವುದು ಅಲ್ಲಿಯೇ. ಟೈರಿನ ಜಾರುಕೋನ (ಟೈರು ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ಹೆಚ್ಚುತ್ತ ಹೋದಂತೆ ನೆಲಕ್ಕೆ ತಾಗಿದ ಭಾಗದ ಹಿಂತುದಿ ಮೊದಲು ಜಾರತೊಡಗುವುದರಿಂದ ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಅಂತರ ಕುಗ್ಗುತ್ತದೆ. ಹೀಗಾಗಿ ಟೈರಿನ ಹಿಡಿತ ತುತ್ತತುದಿ ಮುಟ್ಟುವ ಮೊದಲೇ ಸ್ಟೀರಿಂಗಿನ ಭಾರ ತುದಿ ಮುಟ್ಟಿ ಇಳಿಯತೊಡಗುತ್ತದೆ. ಮುಂದಿನ ಟೈರುಗಳು ಹಿಡಿತ ಬಿಡಲಿವೆ ಎಂಬ ಮುನ್ಸೂಚನೆ ಈ ಹಗುರಾಗುವಿಕೆಯೇ. ಉಳಿದ ಎಲ್ಲ ಸೆಟ್ಟಿಂಗ್‌ಗಳೂ ಇದನ್ನು ಕೆಡದಂತೆ ಕೈಗೆ ತಲುಪಿಸುವುದಕ್ಕಾಗಿ ಇವೆ.

ಕ್ಲಿಪ್ಪಿಂಗ್

ಸಿಮ್ಯುಲೇಟರು ಸ್ಟೀರಿಂಗಿಗೆ ಕಳುಹಿಸಬಹುದಾದ ಗರಿಷ್ಠ ಸಂಕೇತ ಶೇ. 100. ಲೆಕ್ಕ ಹಾಕಿದ ಬಲ ಅದನ್ನು ಮೀರಿದರೂ ಹೊರಬರುವುದು 100 ಮಾತ್ರ, ಇದೇ ಕ್ಲಿಪ್ಪಿಂಗ್. ಸೇರಿನ ಮೇಲೆ ಅಕ್ಕಿ ಎಷ್ಟೇ ರಾಶಿಯಾಗಿದ್ದರೂ ಕೋಲಿನಿಂದ ಸವರಿದ ಮೇಲೆ ಎಲ್ಲ ಸೇರುಗಳೂ ಒಂದೇ ಮಟ್ಟ.

ಒಂದು ತಿರುವಿನಲ್ಲಿ ಬಲ 130ಕ್ಕೆ ಏರಿ, ಟೈರು ಜಾರುವ ಹೊತ್ತಿಗೆ 110ಕ್ಕೆ ಇಳಿಯಿತು ಎಂದುಕೊಳ್ಳೋಣ. ಗೇನ್, ಅಂದರೆ ಲೆಕ್ಕ ಹಾಕಿದ ಬಲದ ಶೇಕಡಾ ಎಷ್ಟನ್ನು ಸಿಮ್ಯುಲೇಟರು ಕಳುಹಿಸಬೇಕು ಎಂಬ ಸೆಟ್ಟಿಂಗ್, 100 ಇದ್ದರೆ ಎರಡೂ ಕ್ಷಣಗಳಲ್ಲಿ ಸ್ಟೀರಿಂಗಿಗೆ ಸಿಗುವುದು 100. ಹಗುರಾದದ್ದು ಕೈಗೆ ಗೊತ್ತೇ ಆಗುವುದಿಲ್ಲ. ಗೇನನ್ನು 70ಕ್ಕೆ ಇಳಿಸಿದರೆ 91 ಮತ್ತು 77 ಸಿಗುತ್ತದೆ. ಒಟ್ಟು ಬಲ ಕಡಿಮೆಯಾದರೂ ವ್ಯತ್ಯಾಸ ಉಳಿಯುತ್ತದೆ. ಸ್ಟೀರಿಂಗ್ ಗಡುಸಾಗಿದ್ದಷ್ಟೂ ನೈಜ ಎಂಬ ನಂಬಿಕೆ ಬಹಳ ಕಡೆ ಕೇಳಿಬರುತ್ತದೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ. ಜಿ29 ಕೊಡುವ ಗರಿಷ್ಠ ಟಾರ್ಕ್ 2 ನ್ಯೂಟನ್ ಮೀಟರ್‌ನ ಆಸುಪಾಸು ಇದ್ದರೆ, ಮೋಟಾರಿಗೆ ನೇರವಾಗಿ ಜೋಡಿಸುವ ಫ್ಯಾನಾಟೆಕ್ ಸಿಎಸ್‌ಎಲ್ ಡಿಡಿ ಮೂಲರೂಪದಲ್ಲಿ 5, ಬೂಸ್ಟ್ ಕಿಟ್ ಸೇರಿಸಿದರೆ 8 ನ್ಯೂಟನ್ ಮೀಟರ್ ಕೊಡುತ್ತದೆ. ಚಿಕ್ಕ ಮೋಟಾರಿನಿಂದ ಭಾರ ಹಿಂಡಲು ಹೋದಷ್ಟೂ ಸುದ್ದಿ ಕಳೆದುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಕೊಟ್ಟದ್ದು ಎರಡು ಕಡೆ ಇರುವ ಬಲದ ಗುಂಡಿಗಳು. ಸ್ಟೀರಿಂಗ್ ತಯಾರಕರ ತಂತ್ರಾಂಶದಲ್ಲಿ ಒಟ್ಟು ಬಲದ ಸೆಟ್ಟಿಂಗ್ ಒಂದು, ಸಿಮ್ಯುಲೇಟರಿನಲ್ಲಿ ಗೇನ್ ಇನ್ನೊಂದು. ಯಾವುದನ್ನು ಇಳಿಸಿದರೂ ಕೈಗೆ ಹಗುರವೆನಿಸುವುದರಿಂದ ಎರಡೂ ಒಂದೇ ಎಂದು ತೋರುತ್ತದೆ. ಆದರೆ ಸವರುವ ಕೆಲಸ ನಡೆಯುವುದು ಸಿಮ್ಯುಲೇಟರಿನಲ್ಲಿ. ತಯಾರಕರ ತಂತ್ರಾಂಶಕ್ಕೆ ಸಿಗುವುದು ಆಗಲೇ ಸವರಿದ ಸಂಕೇತ. ಮೇಲಿನ ಲೆಕ್ಕದಲ್ಲಿಯೇ ಗೇನನ್ನು 100ರಲ್ಲಿ ಬಿಟ್ಟು ಆ ತಂತ್ರಾಂಶದ ಬಲವನ್ನು 60ಕ್ಕೆ ಇಳಿಸಿ ನೋಡಿ: 130 ಇದ್ದಾಗಲೂ 60, 110 ಇದ್ದಾಗಲೂ 60. ಸ್ಟೀರಿಂಗ್ ಹಗುರವಾಯಿತೇ ಹೊರತು ಕಳೆದುಹೋದ ವ್ಯತ್ಯಾಸ ಮರಳಲಿಲ್ಲ. ಆದ್ದರಿಂದ ಜಿ29ರಂತಹ ಕಡಿಮೆ ಬಲದ ಸ್ಟೀರಿಂಗಿನಲ್ಲಿ ತಯಾರಕರ ತಂತ್ರಾಂಶವನ್ನು 100ರಲ್ಲಿ ಬಿಟ್ಟು, ಕ್ಲಿಪ್ಪಿಂಗನ್ನು ಗೇನಿನಿಂದಲೇ ಸರಿಪಡಿಸಬೇಕು. ಬಲಶಾಲಿ ಸ್ಟೀರಿಂಗಿನಲ್ಲಿ ಕ್ರಮ ಹೀಗೆ: ಮೊದಲು ಗೇನ್ ಇಳಿಸಿ ಕ್ಲಿಪ್ಪಿಂಗ್ ನಿಲ್ಲಿಸುವುದು, ಆಮೇಲೂ ಕೈ ಸೋಲುವಷ್ಟು ಭಾರವಿದ್ದರೆ ತಯಾರಕರ ತಂತ್ರಾಂಶದಲ್ಲಿ ಇಳಿಸುವುದು.

ನೋಡಿ ಹೊಂದಿಸುವುದು

ಅಸೆಟ್ಟೊ ಕೋರ್ಸಾದಲ್ಲಿ ಓಡಿಸುವಾಗಲೇ ಪರದೆಯ ಮೇಲೆ ತೆರೆದಿಡಬಹುದಾದ ಪೆಡಲ್ಸ್ ಆ್ಯಪ್‌ನಲ್ಲಿ ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ಗಳ ಪಟ್ಟಿಗಳ ಜೊತೆ ಫೋರ್ಸ್ ಫೀಡ್‌ಬ್ಯಾಕಿನ ಬೂದು ಪಟ್ಟಿಯೂ ಇದೆ. ಕ್ಲಿಪ್ಪಿಂಗ್ ಆದಾಗ ಅದು ಕೆಂಪಾಗುತ್ತದೆ. ನಿಧಾನದ ತಿರುವಿನಲ್ಲಿ ಇದನ್ನು ನೋಡಿ ಪ್ರಯೋಜನವಿಲ್ಲ, ಏಕೆಂದರೆ ಜಿಟಿ3 ವರ್ಗದಂತಹ ರೇಸ್ ಕಾರುಗಳಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯ ಒತ್ತಡ ಟೈರನ್ನು ನೆಲಕ್ಕೆ ಅದುಮಿ ಸ್ಟೀರಿಂಗಿನ ಭಾರವನ್ನು ಏರಿಸುತ್ತದೆ. ಇಟಲಿಯ ಮುಜೆಲ್ಲೊ ಟ್ರ್ಯಾಕಿನ ಎರಡು ಅರ್ರಾಬಿಯಾಟಾ ತಿರುವುಗಳಂತಹ, ವೇಗದಲ್ಲಿ ಉದ್ದಕ್ಕೆ ಸಾಗುವ ತಿರುವು ಇದಕ್ಕೆ ಒಳ್ಳೆಯದು. ಅಲ್ಲಿ ಪಟ್ಟಿ ಕೆಂಪಾಗಿಯೇ ನಿಂತರೆ ಗೇನ್ ಇಳಿಸಬೇಕು. ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು) ಹತ್ತಿದಾಗ, ಅಥವಾ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಓ ರೂಜ್‌ನ ತಗ್ಗಿಗೆ ಇಳಿದು ಏರುವಾಗ ಕ್ಷಣಮಾತ್ರ ಕೆಂಪು ಮಿನುಗಿದರೆ ಚಿಂತೆಯಿಲ್ಲ. ಅದನ್ನೂ ಅಳಿಸಲು ಹೋದರೆ ಉಳಿದ ಇಡೀ ಸುತ್ತು ಸಪ್ಪೆಯಾಗುತ್ತದೆ.

ಮಿನಿಮಮ್ ಫೋರ್ಸ್ ಮತ್ತು ಉಳಿದವು

ಜಿ29ರ ಮೋಟಾರು ಗೇರುಗಳ ಮೂಲಕ ಕೆಲಸ ಮಾಡುವುದರಿಂದ ಸಣ್ಣ ಸಂಕೇತಗಳನ್ನು ಘರ್ಷಣೆಯೇ ನುಂಗಿಬಿಡುತ್ತದೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಸತ್ತಂತೆ ಅನಿಸುತ್ತದೆ. ಮಿನಿಮಮ್ ಫೋರ್ಸ್ ಈ ಕೊರತೆಯನ್ನು ತುಂಬುತ್ತದೆ. ಸೊನ್ನೆಯಿಂದ ಸ್ವಲ್ಪಸ್ವಲ್ಪವೇ ಏರಿಸುತ್ತ, ನೇರ ರಸ್ತೆಯಲ್ಲಿ ಹಿಡಿತ ಸಡಿಲಿಸಿದಾಗ ಸ್ಟೀರಿಂಗ್ ತಾನಾಗಿ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿದರೆ ಒಂದೆರಡು ಹೆಜ್ಜೆ ಹಿಂದೆ ಬರಬೇಕು. ನೇರ ಜೋಡಣೆಯ ಸ್ಟೀರಿಂಗಿಗೆ ಇದು ಸಾಮಾನ್ಯವಾಗಿ ಸೊನ್ನೆಯೇ ಸಾಕು.

ಕರ್ಬ್, ರಸ್ತೆ, ಜಾರುವಿಕೆ ಹೆಸರಿನ ಎಫೆಕ್ಟ್‌ಗಳು ಭೌತಿಕ ಲೆಕ್ಕದ ಮೇಲೆ ಹೊರಗಿನಿಂದ ಹೇರಿದ ನಡುಕಗಳು. ಅವೂ ಅದೇ 100ರ ಮಿತಿಯೊಳಗೆ ಜಾಗ ತಿನ್ನುವುದರಿಂದ ಕಲಿಯುವ ಹಂತದಲ್ಲಿ ಸೊನ್ನೆಗೆ ಇಡುವುದೇ ಮೇಲು. ಕಾರು ಬದಲಿಸಿದಾಗ ಪಟ್ಟಿಯನ್ನು ಮತ್ತೆ ನೋಡಬೇಕು, ಏಕೆಂದರೆ ಮಾಜ್ದಾ ಎಂಎಕ್ಸ್-5ಕ್ಕೆ ಸರಿಹೋದ ಗೇನ್ ಜಿಟಿ3 ಕಾರಿಗೆ ಸರಿಹೋಗುತ್ತದೆ ಎಂದೇನಿಲ್ಲ. ಇದಕ್ಕಾಗಿ ಮುಖ್ಯ ಗೇನನ್ನು ಮುಟ್ಟುವ ಅಗತ್ಯವೂ ಇಲ್ಲ. ಓಡಿಸುತ್ತಿರುವಾಗಲೇ ಕೀಲಿಮಣೆಯ ಬಲಬದಿಯ ಅಂಕಿ ಕೀಲಿಗಳ ಬಳಿಯಿರುವ ಕೂಡು, ಕಳೆ ಗುಂಡಿಗಳಿಂದ ಆ ಒಂದು ಕಾರಿನ ಬಲವನ್ನಷ್ಟೇ ಹೆಚ್ಚುಕಡಿಮೆ ಮಾಡಬಹುದು.