ಡಾಲಮೈಟ್ ಒಗಟು: ಇನ್ನೂರು ವರ್ಷ ಹಳೆಯ ಗೋಜಲಿನ ಹಿನ್ನೆಲೆ

ಸುಣ್ಣಕಲ್ಲಿನ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಬುಸ್ಸೆಂದು ನೊರೆ ಏಳುತ್ತದೆ. ಅದೇ ಹನಿ ಡಾಲಮೈಟ್ ಮೇಲೆ ಬಿದ್ದರೆ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ. ಚಾಕುವಿನಿಂದ ಕಲ್ಲನ್ನು ಕೆರೆದು, ಆ ಪುಡಿಯ ಮೇಲೆ ಹನಿ ಹಾಕಿದರೆ ಆಗ ಸಣ್ಣಗೆ ಗುಳ್ಳೆ ಬರುತ್ತವೆ. ನೋಡಲು ಎರಡೂ ಒಂದೇ ಥರ. ವ್ಯತ್ಯಾಸ ಇರುವುದು ಒಳಗೆ. ಸುಣ್ಣಕಲ್ಲಿನಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಡಾಲಮೈಟ್‌ನಲ್ಲಿ ಕ್ಯಾಲ್ಸಿಯಂ ಒಂದು ಸಾಲು, ಮೆಗ್ನೀಸಿಯಂ ಒಂದು ಸಾಲು, ಮತ್ತೆ ಕ್ಯಾಲ್ಸಿಯಂ, ಹೀಗೆ ಹೆಣೆದಂತೆ ಜೋಡಣೆ.

ಈ ಜೋಡಣೆ ಆಗುವುದು ಹೇಗೆ ಅನ್ನುವುದೇ ಒಗಟು. ಇದರ ಬಗ್ಗೆ ಎಷ್ಟು ಬರೆದಿದ್ದಾರೆ ಅಂದರೆ, ಹೊಸದಾಗಿ ಓದುವವರಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ.

ಫ್ರೆಂಚ್ ಭೂವಿಜ್ಞಾನಿ ದೊಲೊಮ್ಯೂ ಆಲ್ಪ್ಸ್‌ನಲ್ಲಿ ಸುತ್ತಾಡುವಾಗ ಆಮ್ಲಕ್ಕೆ ಜಗ್ಗದ ಈ ಕಲ್ಲನ್ನು ಗಮನಿಸಿ 1791ರಲ್ಲಿ ಅದರ ಬಗ್ಗೆ ಬರೆದರು. ಮರುವರ್ಷ ಸ್ವಿಸ್ ರಸಾಯನಶಾಸ್ತ್ರಜ್ಞ ಸೊಸ್ಯೂರ್ ಅದನ್ನು ಪರೀಕ್ಷಿಸಿ ದೊಲೊಮ್ಯೂ ಅವರ ಹೆಸರನ್ನೇ ಇಟ್ಟರು. ಕಲ್ಲಿನ ಹೆಸರು ಆಮೇಲೆ ಇಟಲಿಯ ಉತ್ತರದ ಬೆಟ್ಟಸಾಲಿಗೂ ಅಂಟಿತು. 1860ರಲ್ಲಿ ರಿಕ್ಟ್‌ಹೋಫೆನ್ ಎಂಬ ಜರ್ಮನ್ ವಿಜ್ಞಾನಿ ಈ ಬೆಟ್ಟಗಳು ಹಿಂದೆ ಸಮುದ್ರದಲ್ಲಿ ಬೆಳೆದ ಹವಳದ ದಿಬ್ಬಗಳು ಎಂದರು. ದಿಬ್ಬ ಕಟ್ಟುವುದರಲ್ಲಿ ಹವಳಕ್ಕಿಂತ ಸೂಕ್ಷ್ಮಜೀವಿಗಳ ಪಾಲೇ ಜಾಸ್ತಿ ಇತ್ತು ಅನ್ನುವುದು ಈಗ ಗೊತ್ತಾಗಿದೆ. ಆದರೂ ಅವರ ಮೂಲ ಮಾತು ಸರಿಯಾಗಿತ್ತು.

ಸುಮಾರು 24 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರ ಇತ್ತು. ಚಿಪ್ಪು, ಪಾಚಿ, ಸುಣ್ಣದ ಕೆಸರು ತಳದಲ್ಲಿ ಕೂರುತ್ತಾ ಹೋದವು. ತಳ ನಿಧಾನವಾಗಿ ಕುಸಿಯುತ್ತಿತ್ತು, ಕುಸಿದಷ್ಟನ್ನೂ ಜೀವಿಗಳು ತುಂಬಿಸುತ್ತಿದ್ದವು. ಹಾಗಾಗಿ ನೂರಾರು ಮೀಟರ್ ದಪ್ಪದ ಕಲ್ಲಿನಲ್ಲಿ ಕೆಳಗಿನಿಂದ ಮೇಲಿನವರೆಗೂ ಆಳವಿಲ್ಲದ ನೀರಿನ ಗುರುತುಗಳೇ ಸಿಗುತ್ತವೆ. ಭೂವಿಜ್ಞಾನದಲ್ಲಿ ಇದಕ್ಕೆ ಕಾರ್ಬೊನೇಟ್ ಪ್ಲಾಟ್‌ಫಾರ್ಮ್ ಎನ್ನುತ್ತಾರೆ.

ಗೋಜಲು ಇಲ್ಲಿಂದ ಶುರು. ಸಮುದ್ರದ ನೀರಿನಲ್ಲಿ ಒಂದು ಕ್ಯಾಲ್ಸಿಯಂ ಅಯಾನಿಗೆ ಐದು ಮೆಗ್ನೀಸಿಯಂ ಅಯಾನುಗಳಿವೆ. ಲೆಕ್ಕದ ಪ್ರಕಾರ ಡಾಲಮೈಟ್ ಸಮುದ್ರದಲ್ಲಿ ತಾನಾಗಿಯೇ ಹರಳುಗಟ್ಟಬೇಕು. ಆದರೆ ಇವತ್ತಿನ ಸಮುದ್ರಗಳಲ್ಲಿ ಅದು ತೀರಾ ಅಪರೂಪ. ಹಳೆಯ ಪ್ಲಾಟ್‌ಫಾರ್ಮ್‌ಗಳಲ್ಲಿ ಮಾತ್ರ ಬೆಟ್ಟಗಟ್ಟಲೆ ಇದೆ. ಪ್ರಯೋಗಾಲಯದಲ್ಲೂ ಇದೇ ಕಥೆ. ಹರಳುಗಟ್ಟಲು ಬೇಕಾದ್ದಕ್ಕಿಂತ ಸಾವಿರ ಪಟ್ಟು ಸಾಂದ್ರವಾದ ದ್ರಾವಣವನ್ನು 25 ಡಿಗ್ರಿ ಶಾಖದಲ್ಲಿ 32 ವರ್ಷ ಇಟ್ಟು ಕಾದರೂ ಡಾಲಮೈಟ್ ಬರಲಿಲ್ಲ ಎಂದು ಅಮೆರಿಕದ ಲಿಂಟನ್ ಲ್ಯಾಂಡ್ 1998ರಲ್ಲಿ ಬರೆದರು. ಬರಿಗೈಯ ಫಲಿತಾಂಶವನ್ನೂ ಹಾಗೇ ಪ್ರಕಟಿಸಿದರಲ್ಲ, ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾಗುವ ಕೆಲಸ ಅದು.

ಈಗ 1960ರ ದಶಕಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಡಾಲಮೈಟ್ ಈಗಿನ ಕಾಲದಲ್ಲೂ ಹುಟ್ಟುವ ಜಾಗಗಳು ಒಂದರ ಹಿಂದೆ ಒಂದು ಸಿಕ್ಕಿದ್ದು ಆಗ. ಪರ್ಷಿಯನ್ ಕೊಲ್ಲಿಯ ಅಂಚಿನ ಉಪ್ಪು ಬಯಲುಗಳಲ್ಲಿ, ಅಂದರೆ ಅರಬ್ಬರು ಸಬ್ಖಾ ಎನ್ನುವ ಜಾಗದಲ್ಲಿ, ಅದು ಸಿಕ್ಕಿತು. ಅಲ್ಲಿ ನೀರು ಆವಿಯಾಗಿ ಜಿಪ್ಸಂ ಕೂರುತ್ತದೆ. ಜಿಪ್ಸಂ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುವುದರಿಂದ ಉಳಿದ ನೀರಿನಲ್ಲಿ ಮೆಗ್ನೀಸಿಯಂ ಪಾಲು ಇನ್ನೂ ಏರುತ್ತದೆ. ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಸಿಕ್ಕ ಡಾಲಮೈಟ್ ಬಗ್ಗೆ ಶಿನ್, ಗಿನ್ಸ್‌ಬರ್ಗ್ ಮತ್ತು ಲಾಯ್ಡ್ 1965ರಲ್ಲಿ ಬರೆದರು. ಉಬ್ಬರದ ನೀರು ಯಾವಾಗಲೋ ಒಮ್ಮೆ ಹತ್ತಿ ಇಳಿಯುವ ಬಯಲು ಅದು. ಮೇಲೆ ಸೂಕ್ಷ್ಮಜೀವಿಗಳ ಚಾಪೆ. ಬಿಸಿಲಿಗೆ ಚಾಪೆ ಬಿರಿದು ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಕೆಸರಿನ ಮೇಲ್ಪದರ ಗಟ್ಟಿಯಾಗಿ ಹೆಕ್ಕಳೆ ಕಟ್ಟುತ್ತದೆ. ಡಾಲಮೈಟ್ ಇದ್ದದ್ದು ಆ ಹೆಕ್ಕಳೆಯಲ್ಲಿ.

ಈ ಚಿತ್ರವನ್ನು ಇಟಲಿಯ ಬೆಟ್ಟದ ಗೋಡೆಯ ಪಕ್ಕ ಇಟ್ಟು ನೋಡಿ. ಡೊಲೊಮಿಯಾ ಪ್ರಿಂಚಿಪಾಲೆ ಎಂಬ ಕಲ್ಲಿನ ಸ್ತರ ಅಲ್ಲಿ ಕೆಲವೆಡೆ ಸಾವಿರ ಮೀಟರ್ ದಪ್ಪ ಇದೆ. ಅದರಲ್ಲಿ ಒಂದೇ ಪಾಠ ಮತ್ತೆ ಮತ್ತೆ ಬರುತ್ತದೆ. ಕೆಳಗೆ ಮೆಗಲೊಡಾನ್ ಚಿಪ್ಪುಗಳಿರುವ ಪದರ. ಮೇಲೆ ಸೂಕ್ಷ್ಮಜೀವಿ ಚಾಪೆಗಳ ತೆಳು ಗೆರೆಗಳು. ಅದರ ಮೇಲೆ ಒಣಗಿದ ಬಿರುಕುಗಳು. ಮತ್ತೆ ಚಿಪ್ಪು. ಈ ಮೆಗಲೊಡಾನ್ ಶಾರ್ಕ್ ಅಲ್ಲ, ದಪ್ಪ ಚಿಪ್ಪಿನ ಮೃದ್ವಂಗಿ. ಕಲ್ಲು ಅಡ್ಡ ಸೀಳಿದಾಗ ಅದರ ಎರಡು ಚಿಪ್ಪುಗಳು ಹೃದಯದ ಆಕಾರದಲ್ಲಿ ಕಾಣುತ್ತವೆ. ಆಲ್ಪ್ಸ್‌ನಲ್ಲಿ ಕೆಲವು ಕಡೆ ಜನ ಇದನ್ನು ಹಸುವಿನ ಹೆಜ್ಜೆ ಎಂದೇ ಕರೆದರು. ನಿಜವಾದ ಹೆಜ್ಜೆಗಳೂ ಇವೆ. ಪೆಲ್ಮೊ ಬೆಟ್ಟದ ಬುಡದಲ್ಲಿ ಇದೇ ಸ್ತರದ ಬಂಡೆಯ ಮೇಲೆ ಡೈನೋಸಾರ್‌ಗಳು ನಡೆದ ಗುರುತು ಇದೆ. ಅಂದರೆ ಆ ತಳ ಆಗಾಗ ನೀರಿನಿಂದ ಹೊರಗೆ ಬರುತ್ತಿತ್ತು. ಆಂಡ್ರೋಸ್ ಥರವೇ ಅಲ್ವಾ?

ಪಳೆಯುಳಿಕೆಗಳನ್ನು ಇಷ್ಟಪಡುವವರಿಗೆ ಡಾಲಮೈಟ್ ಅಂದರೆ ಸ್ವಲ್ಪ ನೋವು. ಸುಣ್ಣ ಡಾಲಮೈಟ್ ಆಗುವಾಗ ಅರಾಗೊನೈಟ್‌ನ (ಕ್ಯಾಲ್ಸಿಯಂ ಕಾರ್ಬೊನೇಟ್‌ನದೇ ಇನ್ನೊಂದು ಹರಳು ರೂಪ) ಚಿಪ್ಪು, ಹವಳ ಕರಗಿ ಹೋಗಿ ಹೆಚ್ಚಾಗಿ ಟೊಳ್ಳು ಅಚ್ಚು ಮಾತ್ರ ಉಳಿಯುತ್ತದೆ. ಕೈಲೆನ್ಸ್ ಹಿಡಿದು ನೋಡಿದರೆ ಚಿಪ್ಪಿದ್ದ ಜಾಗದಲ್ಲಿ ಖಾಲಿ ಗೂಡು, ಗೂಡಿನ ಗೋಡೆಗೆ ಸಕ್ಕರೆ ಹರಳಿನಂತೆ ಹೊಳೆಯುವ ಡಾಲಮೈಟ್. ಕೆಂಪು ಪಾಚಿ, ಕಡಲ ಲಿಲಿಯಂಥವುಗಳ ಗಟ್ಟಿ ಭಾಗದಲ್ಲಿ ಮೊದಲೇ ಮೆಗ್ನೀಸಿಯಂ ಬೆರೆತಿರುವುದರಿಂದ ಅವು ತಮ್ಮ ಕುಸುರಿ ಉಳಿಸಿಕೊಳ್ಳುವುದುಂಟು. ತೈಲ ಹುಡುಕುವವರಿಗೆ ಬೇಕಾದದ್ದು ತೈಲ ತುಂಬಿಕೊಳ್ಳಬಲ್ಲ ಆ ಖಾಲಿ ಗೂಡುಗಳೇ. ಈ ಸಂಶೋಧನೆಗೆ ಹಣ ಹರಿದು ಬಂದದ್ದಕ್ಕೆ ಅದೂ ಒಂದು ಕಾರಣ.

ಆದರೆ ಆಂಡ್ರೋಸ್‌ನ ಹೆಕ್ಕಳೆ ಕೆಲವೇ ಸೆಂಟಿಮೀಟರ್ ದಪ್ಪ. ಬೆಟ್ಟಕ್ಕೆ ಇದು ಸಾಲದು ಎಂದು ಹಲವರಿಗೆ ಅನ್ನಿಸಿತು. 1970ರ ದಶಕದಲ್ಲಿ ಇನ್ನೊಂದು ವಿವರಣೆ ಬಂತು. ನೆಲದಡಿಯ ಸಿಹಿನೀರು ಸಮುದ್ರದ ನೀರಿಗೆ ಸೇರುವ ಜಾಗದಲ್ಲಿ ಸುಣ್ಣ ಕರಗಿ ಡಾಲಮೈಟ್ ಕೂರುತ್ತದೆ ಎಂದು ಅದರ ವಾದ. ಕರಾವಳಿ ಇದ್ದಲ್ಲೆಲ್ಲ ಇಂಥ ಬೆರಕೆ ಇದ್ದೇ ಇರುತ್ತದೆ. ಹಾಗಾಗಿ ಯಾವ ಬೆಟ್ಟಕ್ಕೆ ಬೇಕಾದರೂ ಈ ವಿವರಣೆ ಒಪ್ಪುತ್ತಿತ್ತು. ನನ್ನ ಮಟ್ಟಿಗೆ ಅದರ ತೊಡಕೇ ಅದು. ಈಗಿನ ಬೆರಕೆ ನೀರಿನ ಜಾಗಗಳಲ್ಲಿ ಹೋಗಿ ನೋಡಿದರೆ ಸುಣ್ಣ ಕರಗಿ ಗುಹೆಗಳಾಗಿದ್ದವು, ಡಾಲಮೈಟ್ ಹೇಳಿಕೊಳ್ಳುವಷ್ಟು ಇರಲಿಲ್ಲ. 1980ರ ದಶಕದ ಮಧ್ಯದ ಹೊತ್ತಿಗೆ ಅದರ ಮೇಲಿನ ನಂಬಿಕೆ ಸಡಿಲವಾಯಿತು.

1995ರಲ್ಲಿ ಬ್ರೆಜಿಲ್‌ನ ಲಗೋವಾ ವರ್ಮೆಲ್ಯಾ ಎಂಬ ಉಪ್ಪುನೀರಿನ ಸರೋವರದ ಕೆಸರು ಸುದ್ದಿಯಾಯಿತು. ಅಲ್ಲಿನ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಇದ್ದರೆ ಪ್ರಯೋಗಾಲಯದಲ್ಲೂ ಡಾಲಮೈಟ್ ಹುಟ್ಟುತ್ತದೆ ಎಂದು ವಾಸ್ಕೊನ್ಸೆಲೋಸ್, ಮೆಕೆಂಜಿ ಮತ್ತು ಜೊತೆಯವರು ತೋರಿಸಿದರು. ಮುಂದಿನ ಎರಡು ದಶಕ ಸೂಕ್ಷ್ಮಜೀವಿಗಳದ್ದೇ ಮಾತು.

2023ರ ಕೊನೆಗೆ ಮಿಶಿಗನ್ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯಗಳ ತಂಡ ಹರಳಿನ ಮೇಲ್ಮೈಯನ್ನೇ ನೋಡಿತು. ಅಯಾನುಗಳು ಬಂದು ಕೂರುವಾಗ ಕ್ಯಾಲ್ಸಿಯಂ ಜಾಗದಲ್ಲಿ ಮೆಗ್ನೀಸಿಯಂ, ಮೆಗ್ನೀಸಿಯಂ ಜಾಗದಲ್ಲಿ ಕ್ಯಾಲ್ಸಿಯಂ ಕೂತುಬಿಡುತ್ತವೆ. ಈ ತಪ್ಪು ಜೋಡಣೆಯಿಂದ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಆದರೆ ನೀರು ಆಗಾಗ ತೆಳುವಾದರೆ, ತಪ್ಪಾಗಿ ಕೂತವು ಮೊದಲು ಕರಗುತ್ತವೆ. ಮತ್ತೆ ಸಾಂದ್ರವಾದಾಗ ಸರಿಯಾದ ಸಾಲು ಏರುತ್ತದೆ. ಹೀಗೆ ಕರಗಿ ಬೆಳೆದರೆ ವೇಗ ಒಂದು ಕೋಟಿ ಪಟ್ಟಿನವರೆಗೂ ಹೆಚ್ಚಬಹುದು ಎಂದು ಅವರ ಲೆಕ್ಕ. 80 ಡಿಗ್ರಿಯ ದ್ರಾವಣದಲ್ಲಿ ಎಲೆಕ್ಟ್ರಾನ್ ಕಿರಣವನ್ನು ಎರಡು ಗಂಟೆಯಲ್ಲಿ 4,000 ಬಾರಿ ಬಿಟ್ಟು ಬಿಟ್ಟು ಹಾಯಿಸಿದರು. ಕಿರಣ ತಾಗಿದಾಗಲೆಲ್ಲ ಹರಳು ಸ್ವಲ್ಪ ಕರಗುತ್ತದೆ. ಸುಮಾರು 300 ಪದರ ಬೆಳೆಯಿತು. ಅದಕ್ಕೆ ಮುಂಚೆ ಪ್ರಯೋಗಾಲಯದಲ್ಲಿ ಐದು ಪದರ ದಾಟಿರಲಿಲ್ಲ.

ಇದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ಆಂಡ್ರೋಸ್. ನೆನೆಯುವುದು, ಒಣಗುವುದು, ಮಳೆಗೆ ಉಪ್ಪು ತೊಳೆದು ಹೋಗುವುದು, ಮತ್ತೆ ಉಬ್ಬರ. ಮುಚ್ಚಿಟ್ಟ ಪಾತ್ರೆಯಲ್ಲಿ 32 ವರ್ಷ ಸಿಗದ ಏರಿಳಿತ ಆ ಬಯಲಿನಲ್ಲಿ ಮೊದಲಿನಿಂದಲೂ ಇದೆ. ಹೆಕ್ಕಳೆ ತೆಳುವಾಗಿದೆ ಎಂದು ಆ ಬಯಲನ್ನು ಬೇಗ ಬದಿಗೆ ಸರಿಸಿದ್ದು ನಷ್ಟವೇ ಆಯಿತು ಅನ್ನಿಸುತ್ತದೆ.

ಆದರೂ ಎಲ್ಲ ಬೆಟ್ಟಕ್ಕೂ ಈ ಉತ್ತರ ಹೊಂದುವುದಿಲ್ಲ. ಡಾಲಮೈಟ್ ಬೆಟ್ಟಸಾಲಿನಲ್ಲೇ ಶ್ಲೆರ್ನ್ ದಿಬ್ಬ ಡಾಲಮೈಟ್ ಆಗಿದೆ. ಅದರ ನೆರೆಯ, ಹೆಚ್ಚುಕಮ್ಮಿ ಅದೇ ಕಾಲದ ಮಾರ್ಮೊಲಾಡಾ ಆಗಿಲ್ಲ. ಇಡೀ ಸಾಲಿನಲ್ಲಿ ಎತ್ತರದ ಶಿಖರ ಅದು, 3,343 ಮೀಟರ್. ಅದರ ಬಹುಪಾಲು ಕಲ್ಲಿನ ಮೇಲೆ ಆಮ್ಲದ ಹನಿ ಬಿಟ್ಟರೆ ಈಗಲೂ ಬುಸ್ಸೆಂದು ನೊರೆ ಏಳುತ್ತದೆ.