ರೈಲಿಲ್ಲದ ಕೊಡಗಿನಲ್ಲಿ ಪುಟಾಣಿ ರೈಲು ನಿಂತ ಕಥೆ

ಮಡಿಕೇರಿಯ ರಾಜಾಸೀಟಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಪುಟಾಣಿ ರೈಲು ನೆನಪಿರುತ್ತದೆ. ದೊಡ್ಡವರು ಸೂರ್ಯ ಮುಳುಗುವುದನ್ನು ನೋಡಲು ಜಾಗ ಹಿಡಿಯುತ್ತಿದ್ದರು. ಮಕ್ಕಳಿಗೆ ಸೂರ್ಯನ ಗೊಡವೆ ಇರಲಿಲ್ಲ, ಅವರ ಕಿವಿಯೆಲ್ಲ ಆ ಎಂಜಿನ್ ಸದ್ದಿನ ಕಡೆ. ಕರ್ನಾಟಕದಲ್ಲಿ ರೈಲು ಮುಟ್ಟದ ಜಿಲ್ಲೆ ನಮ್ಮದು. ಹಾಗಾಗಿ ಇಲ್ಲಿನ ಎಷ್ಟೋ ಮಕ್ಕಳು ಜೀವನದಲ್ಲಿ ಮೊದಲು ಹತ್ತಿದ ರೈಲು ಇದೇ. ನನ್ನ ಅಕ್ಕನ ಮಗಳು ಮೈಸೂರು ಸ್ಟೇಷನ್ನಿನಲ್ಲಿ ನಿಜವಾದ ರೈಲು ನೋಡಿ, "ಮಾಮ, ಇದು ಯಾಕೆ ಇಷ್ಟು ಉದ್ದ?" ಎಂದು ಕೇಳಿದ್ದಳು.

ಆ ರೈಲು ಹಳತಾಯಿತು. ರಿಪೇರಿಗೆ ಅಂತ ನಿಂತಿತು, ಮತ್ತೆ ಓಡಿತು, ಮತ್ತೆ ನಿಂತಿತು. ಕೊನೆಗೆ, ಮಕ್ಕಳನ್ನು ಕೂರಿಸಿ ಓಡಿಸುವುದು ಕ್ಷೇಮವಲ್ಲ ಎಂಬಲ್ಲಿಗೆ ಬಂತು. ಈ ನಡುವೆ ಊರಲ್ಲಿ ಕೇಳಿದ ಮಾತುಗಳಿಗೆ ಲೆಕ್ಕವಿಲ್ಲ. ಹಳಿ ಸರಿಯಿಲ್ಲ, ಎಂಜಿನ್ ಕೆಟ್ಟಿದೆ, ಟೆಂಡರ್ ಆಗಬೇಕು, ಹೊಸ ರೈಲೇ ಬರುತ್ತಂತೆ. ಯಾವುದು ಕಾರಣ, ಯಾವುದು ನೆಪ ಅಂತ ಗೊತ್ತಾಗದಷ್ಟು ಗೋಜಲು. ಸ್ವಲ್ಪ ಹಿಂದಿನಿಂದ ಬಿಡಿಸಿ ನೋಡೋಣ.

ಕೊಡಗನ್ನು ಆಳಿದ ಹಾಲೇರಿ ಅರಸರು ಸಂಜೆ ಹೊತ್ತು ಕೂರುತ್ತಿದ್ದ ಜಾಗ ರಾಜಾಸೀಟು. 1834ರಲ್ಲಿ ಕೊಡಗು ಬ್ರಿಟಿಷರ ಕೈ ಸೇರಿದ ಮೇಲೂ ಹೆಸರು ಉಳಿಸಿಕೊಂಡ ಆ ಜಾಗ ಆಮೇಲೆ ಉದ್ಯಾನವಾಯಿತು, ಉದ್ಯಾನಕ್ಕೆ ಪ್ರವಾಸಿಗಳು ಬಂದರು, ಅವರ ಮಕ್ಕಳಿಗಾಗಿ ಪಕ್ಕದಲ್ಲೇ ಪುಟ್ಟ ರೈಲು ಬಂತು. ಪೀಠಿಕೆ ಇಷ್ಟು ಸಾಕು.

ದೊಡ್ಡ ರೈಲಿನ ಕಥೆ ಬೇರೆ. ಮೈಸೂರು–ಕುಶಾಲನಗರ ಮಾರ್ಗದ ಮಾತು ದಶಕಗಳಿಂದ ಇದೆ. 2019ರಲ್ಲಿ ಸುಮಾರು 87 ಕಿ.ಮೀ. ಮಾರ್ಗಕ್ಕೆ ರೈಲ್ವೆ ಇಲಾಖೆಯ ಒಪ್ಪಿಗೆಯೂ ಸಿಕ್ಕಿತು, ಅಂದಾಜು 1,854 ಕೋಟಿ ರೂಪಾಯಿ ಅಂದರು. ಕಾಡು, ಆನೆ, ಕಾವೇರಿ ಅಂತ ವಿರೋಧವೂ ಅಷ್ಟೇ ಜೋರಾಗಿ ಎದ್ದಿತು. ಅದು ಬಂದರೂ ಕುಶಾಲನಗರದಲ್ಲಿ, ಅಂದರೆ ಬೆಟ್ಟದ ಬುಡದಲ್ಲೇ, ನಿಲ್ಲುವ ರೈಲು. ಮಡಿಕೇರಿಯ ಎತ್ತರಕ್ಕೆ ಹಳಿ ಬಂದಿದ್ದರೆ ಅದು ಆಟದ ರೈಲಿನದು ಮಾತ್ರ.

ಇನ್ನು ಆ ಹಳಿಯ ವಿಷಯ. ನನಗೆ ಇದರಲ್ಲಿ ಸ್ವಲ್ಪ ಆಸಕ್ತಿ ಜಾಸ್ತಿ, ಓದುಗರು ಸಹಿಸಿಕೊಳ್ಳಬೇಕು.

ಪುಟಾಣಿ ರೈಲು ಅಂದರೆ ನಿಧಾನ ಹೋಗುತ್ತೆ, ಏನಾಗುತ್ತೆ ಬಿಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ರೈಲನ್ನು ಹಳಿ ಮೇಲೆ ಹಿಡಿದಿಡುವುದು ವೇಗ ಅಲ್ಲ, ಎರಡು ಹಳಿಗಳ ನಡುವಿನ ಅಳತೆ. ಚಕ್ರದ ಒಳಬದಿಗೆ ಒಂದು ಅಂಚು ಇರುತ್ತದೆ, ಅದು ಹಳಿಗೆ ತಾಗಿಕೊಂಡೇ ತಿರುವು ದಾಟುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಆ ಅಂಚು ಸವೆಯುತ್ತದೆ, ಹಳಿಯೂ ಸವೆಯುತ್ತದೆ. ಹಳಿಯ ಕೆಳಗೆ ಅಡ್ಡಕ್ಕೆ ಹಾಕಿದ ಸ್ಲೀಪರ್‌ಗಳು ಮರದ್ದಾಗಿದ್ದರೆ ನೀರು ಕುಡಿದು ಮೆತ್ತಗಾಗುತ್ತವೆ. ಆಗ ಮೊಳೆ ಹಿಡಿಯುವುದಿಲ್ಲ. ಮೊಳೆ ಸಡಿಲವಾದರೆ ತಿರುವಿನಲ್ಲಿ ಹಳಿ ಒಂದೊಂದು ನೂಲಿನಷ್ಟು ಹೊರಗೆ ಸರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಳತೆಪಟ್ಟಿ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ಅಳತೆಪಟ್ಟಿ ಇಡುವವರು ಯಾರು ಅನ್ನುವುದು ಆಮೇಲಿನ ಪ್ರಶ್ನೆ.

ಇದಕ್ಕೆ ನಮ್ಮ ಮಳೆ ಸೇರಿಸಿಕೊಳ್ಳಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಸುರಿಯುತ್ತದೆ, ಬೆಂಗಳೂರಿನ ಮೂರು ಪಟ್ಟು. ಹಳಿ ಕೆಳಗೆ ಜಲ್ಲಿ ಹಾಕುವುದು ನೀರು ಇಳಿದುಹೋಗಲಿ ಅಂತ. ಜಲ್ಲಿ ಸಂದಿಗೆ ಕೆಂಪು ಮಣ್ಣು, ಒಣಗಿದ ಎಲೆ ಸೇರಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಆಮೇಲೆ ರೈಲು ಹೋದಾಗಲೆಲ್ಲ ಕೆಳಗಿನ ಕೆಸರು ಪಿಚಕ್ ಅಂತ ಮೇಲೆ ಬರುತ್ತದೆ. ಒಂದು ಬದಿ ಸ್ವಲ್ಪ ಕುಸಿಯುತ್ತದೆ, ಬೋಗಿ ಆ ಕಡೆ ವಾಲುತ್ತದೆ. ಮಕ್ಕಳಿಗೆ ಅದೇ ಮಜಾ, ವಾಲಿದ ಕಡೆಗೇ ಎಲ್ಲರೂ ಬಾಗುತ್ತಾರೆ.

ಒಂದು ಅಕ್ಟೋಬರಿನಲ್ಲಿ, ದಸರಾ ಮುಗಿದ ಮೇಲೆ, ನಿಂತ ರೈಲಿನ ಪಕ್ಕ ನಡೆದು ನೋಡಿದ್ದೆ. ಹಳಿಯ ಎರಡು ತುಂಡುಗಳನ್ನು ಜೋಡಿಸುವ ಪಟ್ಟಿಯ ಮೇಲೆ ಪಾಚಿ ಕಟ್ಟಿತ್ತು. ಬೋಲ್ಟಿನ ತಲೆ ಮುಟ್ಟಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಸ್ಲೀಪರ್ ಸಂದಿಯಲ್ಲಿ ನಾಚಿಕೆಮುಳ್ಳು. ನಾಲ್ಕು ತಿಂಗಳು ಮಳೆಯಲ್ಲಿ ನೆನೆದು, ಮಂಜಿನಲ್ಲಿ ಒಣಗದೆ ಉಳಿದ ಕಬ್ಬಿಣ ಇನ್ನು ಹೇಗಿರಬೇಕು ಹೇಳಿ. ಯಂತ್ರ ತಯಾರಿಸಿದವರ ಕೈಪಿಡಿಯಲ್ಲಿ ಮಡಿಕೇರಿಯ ಜುಲೈ ತಿಂಗಳು ಇರುವುದಿಲ್ಲ, ಅಲ್ವಾ.

ನಿಂತ ರೈಲೂ ಪೂರ್ತಿ ಕ್ಷೇಮ ಏನಲ್ಲ. ಬೇಲಿ ಇಲ್ಲದ ಕಡೆ ಮಕ್ಕಳು ಹತ್ತುತ್ತಾರೆ, ಅಪ್ಪಂದಿರು ಕೆಳಗೆ ನಿಂತು ಫೋಟೋ ತೆಗೆಯುತ್ತಾರೆ.

ಜನರ ಮನಸ್ಸು ಬದಲಾಗಿದ್ದು 2018ರ ಆಗಸ್ಟಿನಲ್ಲಿ. ಜೋಡುಪಾಲ, ಮಕ್ಕಂದೂರು, ಹೆಬ್ಬೆಟ್ಟಗೇರಿ ಕಡೆ ಗುಡ್ಡಗಳು ಜಾರಿದವು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ಅಲ್ಲಿಯವರೆಗೆ ಬೆಟ್ಟದ ಮೇಲೆ ಏನು ಕಟ್ಟಿದರೂ ಕೇಳದ ನಾವು, ಅಲ್ಲಿಂದ ಪ್ರತಿ ಬಿರುಕನ್ನೂ ಬಗ್ಗಿ ನೋಡಲು ಶುರು ಮಾಡಿದೆವು. ರಾಜಾಸೀಟಿನಲ್ಲಿ ಹೊಸ ಅಭಿವೃದ್ಧಿ ಕೆಲಸಕ್ಕೆ ಜೆಸಿಬಿ ಇಳಿದಾಗ ಊರಿನವರೇ ತಕರಾರು ತೆಗೆದಿದ್ದು ಇದೇ ಭಯದಿಂದ. ಹೆಚ್ಚೇನೂ ಓಡದ ಹಳೆ ರೈಲನ್ನು ಸಮರ್ಥಿಸಲು ಆಮೇಲೆ ಯಾರಿಗೂ ಧೈರ್ಯ ಬರಲಿಲ್ಲ.

ಹೊರಗಿನ ಸುದ್ದಿಗಳೂ ಜೊತೆಗೂಡಿದವು. 2019ರ ಜುಲೈನಲ್ಲಿ ಅಹಮದಾಬಾದಿನ ಕಂಕಾರಿಯಾ ಕೆರೆ ಹತ್ತಿರ ಲೋಲಕದಂತೆ ತೂಗುವ ಆಟದ ಯಂತ್ರ ಮುರಿದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಗಾಯ. 2022ರ ಅಕ್ಟೋಬರ್ 30ರಂದು ಅದೇ ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಹರಿದು 135 ಜನ ಹೋದರು. ಅದು ರಿಪೇರಿ ಆಗಿ ತೆರೆದು ಇನ್ನೂ ವಾರವೂ ಆಗಿರಲಿಲ್ಲ, ಫಿಟ್‌ನೆಸ್ ಸರ್ಟಿಫಿಕೇಟೇ ಪಡೆದಿರಲಿಲ್ಲ. ತೂಗುಸೇತುವೆ ದಾಟಿಯೇ ಕಾವೇರಿ ನಿಸರ್ಗಧಾಮಕ್ಕೆ ಹೋಗುವ ನಮ್ಮ ಜಿಲ್ಲೆಯಲ್ಲಿ ಆ ಸುದ್ದಿ ಸುಮ್ನೆ ಓದಿ ಮಡಚಿಡುವಂಥದ್ದಾಗಿರಲಿಲ್ಲ.

ನಿಯಮ ಇಲ್ಲವಾ? ಇದೆ. ಆಟದ ಯಂತ್ರಗಳ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 15475 ಎಂಬ ಸಂಹಿತೆ 2004ರಲ್ಲೇ ಬಂದಿದೆ. ಆದರೆ ಹೀಗೆ ಮಾಡಿದರೆ ಒಳ್ಳೆಯದು ಅಂತ ಹೇಳುವ ಸಂಹಿತೆ ಅದು. ಹೀಗೇ ಮಾಡಬೇಕು, ಇಲ್ಲದಿದ್ದರೆ ದಂಡ ಅನ್ನುವಂಥದ್ದಲ್ಲ. ದೊಡ್ಡ ಥೀಮ್ ಪಾರ್ಕುಗಳಿಗೆ ಸ್ವಂತ ಎಂಜಿನಿಯರುಗಳಿರುತ್ತಾರೆ, ಬೆಳಿಗ್ಗೆ ಗೇಟು ತೆಗೆಯುವ ಮೊದಲು ಖಾಲಿ ಓಡಿಸಿ ನೋಡುತ್ತಾರೆ. ಊರಿನ ಪಾರ್ಕಿನಲ್ಲಿರುವ ಒಂದೇ ಒಂದು ರೈಲಿಗೆ ಅಷ್ಟು ಜನ ಎಲ್ಲಿಂದ ಬರಬೇಕು? ಜಾಗ ಒಬ್ಬರದು, ಓಡಿಸುವುದು ಇನ್ನೊಬ್ಬರು, ರಿಪೇರಿಗೆ ದುಡ್ಡು ಕೊಡಬೇಕಾದವರು ಮತ್ತೊಬ್ಬರು ಅನ್ನುವ ಏರ್ಪಾಡು ಇರುವಲ್ಲೆಲ್ಲ ಹೀಗೇ ಆಗುತ್ತದೆ. ಪ್ರತಿಯೊಬ್ಬರ ಮಾತೂ ಅವರವರ ಮಟ್ಟಿಗೆ ಸರಿಯೇ ಇರುತ್ತದೆ. ಟಿಕೆಟ್ ಹರಿಯಲು ಒಬ್ಬರಿದ್ದರೆ ಸಾಕು, ಸರ್ಟಿಫಿಕೇಟಿಗೆ ಸಹಿ ಹಾಕಲು ಒಬ್ಬರು ಸಿಗುವುದು ಕಷ್ಟ.

ಕಾವೇರಿ ದಂಡೆಯ ದುಬಾರೆಯಲ್ಲಿ ನಡೆಯುವ ರಾಫ್ಟಿಂಗ್ ಜೊತೆ ಹೋಲಿಸಿ ನೋಡಿ. ಅಲ್ಲೂ ಸುರಕ್ಷತೆಯ ಪ್ರಶ್ನೆ ಎದ್ದಿತು, ರಾಫ್ಟಿಂಗ್ ನಿಂತಿತು, ನಿಯಮ ಬಂತು, ಮತ್ತೆ ಶುರುವಾಯಿತು. ಯಾಕೆಂದರೆ ರಾಫ್ಟಿಂಗ್ ನಿಂತರೆ ಮಾಲೀಕರು, ಗೈಡುಗಳು, ಹೋಂಸ್ಟೇಯವರು ಕಚೇರಿಗೆ ಹೋಗಿ ಕೇಳುತ್ತಾರೆ. ಪುಟಾಣಿ ರೈಲು ನಿಂತರೆ ಕೇಳುವವರಿಗೆ ಆರೇಳು ವರ್ಷ. ಅವರೂ ಎರಡು ವರ್ಷದಲ್ಲಿ ಬೆಳೆದು ಬೇರೆ ಏನೋ ಕೇಳುತ್ತಾರೆ.

ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಬೋಲ್ಟ್ ಮುಟ್ಟಿದವನು ಹಾಗೆ ಹೇಳಲಾರ. ಆದರೆ ಬೀಗ ಹಾಕುವುದಕ್ಕೆ ಖರ್ಚಿಲ್ಲ, ಅದೇ ತೊಂದರೆ. ಓಡಿಸಬೇಕೆಂದರೆ ಮೊದಲು ಚರಂಡಿ ಆಗಬೇಕು. ಆಮೇಲೆ ಹೊಸ ಜಲ್ಲಿ, ಕಾಂಕ್ರೀಟ್ ಅಥವಾ ಕಬ್ಬಿಣದ ಸ್ಲೀಪರ್. ಮಕ್ಕಳ ಬದಲು ಮರಳಿನ ಚೀಲ ಕೂರಿಸಿ ಕೆಲವು ದಿನ ಓಡಿಸಿ ನೋಡಬೇಕು. ದಿನಾ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಒಬ್ಬರು ನಡೆಯಬೇಕು, ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾರ್ಪಾಲು ಹೊದಿಸಿ ಮಲಗಿಸಬೇಕು. ಕಾಫಿ ತೋಟದ ಪಂಪ್‌ಸೆಟ್ಟಿಗೆ ನಾವು ಮಾಡುವುದಕ್ಕಿಂತ ಬಹಳ ದೊಡ್ಡ ಕೆಲಸವೇನಲ್ಲ ಇದು.

ಮೊನ್ನೆ ಅಕ್ಕನ ಮಗಳು ರಜೆಗೆ ಬಂದಿದ್ದಳು. ಈಗ ಕಾಲೇಜು, ಮೈಸೂರಿಂದ ಬೆಂಗಳೂರಿಗೆ ರೈಲಿನಲ್ಲೇ ಓಡಾಟ. ರಾಜಾಸೀಟಿಗೆ ಹೋಗಿದ್ದೆವು. ನಾನು ಏನೂ ಹೇಳುವ ಮೊದಲೇ ಹಳಿ ಇದ್ದ ಕಡೆ ತಿರುಗಿ, "ಮಾಮ, ಟಿಕೆಟ್ಟಿಗೆ ಎಷ್ಟು ಕೊಡ್ತಿದ್ವಿ ಆಗ?" ಅಂದಳು. ನೆನಪಾಗಲಿಲ್ಲ. ಚುರುಮುರಿ ತೆಗೆದುಕೊಂಡು, ಮಂಜು ಇಳಿಯುವ ಮೊದಲು ಮನೆಗೆ ಬಂದೆವು.