ಜೋಳದ ಕಾಳಿನಷ್ಟು ತಳ್ಳುವ ಎಂಜಿನ್

ಕಲಬುರಗಿಯ ಏಪ್ರಿಲ್ ಬಿಸಿಲಿನಿಂದ ಒಂದು ಲಾಭ ಇದೆ. ಗಾಳಿ ಒಣಗಿರುವುದರಿಂದ ಬಾಚಣಿಗೆಯ ಆಟ ಚೆನ್ನಾಗಿ ನಡೆಯುತ್ತದೆ. ಮೊನ್ನೆ ರಜೆಗೆ ಬಂದ ಅಣ್ಣನ ಮಗಳ ಮುಂದೆ ಸ್ಟೀಲ್ ತಟ್ಟೆ ಬೋರಲು ಹಾಕಿ ಒಂದು ದಪ್ಪ ನೀರಿನ ಹನಿ ಬಿಟ್ಟೆ. ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ತಿಕ್ಕಿ ಹನಿಯ ಮೇಲೆ ಹಿಡಿದೆ. ಹನಿ ಮೆಲ್ಲಗೆ ಉಬ್ಬಿತು.

"ಕಾಕಾ, ನೀರು ಮ್ಯಾಲ ಏಳ್ಲಾಕತ್ತದ!"

ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಇದನ್ನು ಬರೆದಿಟ್ಟಿದ್ದ. ಅವನ ಕೈಯಲ್ಲಿದ್ದದ್ದು ಉಜ್ಜಿದ ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದ ಅಂಟು. ಹನಿ ಎಳೆತಕ್ಕೆ ಸಿಕ್ಕಿ ಶಂಕುವಾಗುವುದರ ಲೆಕ್ಕವನ್ನು ಬ್ರಿಟಿಷ್ ವಿಜ್ಞಾನಿ ಜಿ.ಐ. ಟೇಲರ್ ಬಿಡಿಸಿದ್ದು 1964ರಲ್ಲಿ. ನಡುವೆ 364 ವರ್ಷ!

ಈ ಶಂಕುವಿನಿಂದಲೇ ಉಪಗ್ರಹವನ್ನು ತಳ್ಳಬಹುದು. ನೀರಿನ ಬದಲು ಇಂಡಿಯಂ ಲೋಹ ಬೇಕು. ಅದು ಸುಮಾರು 157 ಡಿಗ್ರಿಗೆ ಕರಗುತ್ತದೆ. ಸೀಸಿಯಂ ಕೂಡ ಆಗುತ್ತದೆ. ಅದಕ್ಕೆ 28.5 ಡಿಗ್ರಿ ಸಾಕು, ನಮ್ಮೂರ ಬೇಸಿಗೆಯಲ್ಲಿ ಕಪಾಟಿನಲ್ಲೇ ಕರಗಿರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಕರಗಿದ ಲೋಹ ಟಂಗ್‌ಸ್ಟನ್ ಸೂಜಿಯ ತುದಿಗೆ ತಾನಾಗಿ ಏರುತ್ತದೆ. ಎದುರಿಗೆ ಬಳೆಯಂಥ ಒಂದು ತಗಡು. ಎರಡರ ನಡುವೆ ಸಾವಿರಾರು ವೋಲ್ಟ್.

ನನಗೆ ಬಲು ಇಷ್ಟವಾದ ಭಾಗ ಇಲ್ಲಿದೆ. ದ್ರವ ಯಾವಾಗಲೂ ಉಂಡೆಯಾಗಿರಲು ನೋಡುತ್ತದೆ. ವಿದ್ಯುತ್ತು ಅದನ್ನು ರೊಟ್ಟಿ ಹಿಟ್ಟು ಚಿವುಟಿದ ಹಾಗೆ ಹೊರಗೆಳೆಯುತ್ತದೆ. ಮೊನೆ ಚೂಪಾದಷ್ಟೂ ಎಳೆತ ಅಲ್ಲೇ ಒಟ್ಟುಗೂಡುತ್ತದೆ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗುತ್ತದಲ್ವಾ, ಹಾಗೆ. ಎಳೆತ ಜಾಸ್ತಿಯಾದರೆ ಮೊನೆ ಇನ್ನೂ ಚೂಪು. ಬಡ್ಡಿ ಮೇಲೆ ಬಡ್ಡಿ ಬೆಳೆದ ಹಾಗೆ! ಯಾವ ಅಕ್ಕಸಾಲಿಗನೂ ಅಂಥ ಮೊನೆ ಅರೆಯಲಾರ. ಅದು ಸವೆಯುವುದೂ ಇಲ್ಲ, ಹಿಂದಿನಿಂದ ಹೊಸ ಲೋಹ ಬರುತ್ತಲೇ ಇರುತ್ತದೆ. ಕೊನೆಗೆ ತುದಿಯ ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಅಯಾನಾಗಿ ಚಿಮ್ಮುತ್ತದೆ. 10,000 ವೋಲ್ಟ್ ಇದ್ದರೆ ಇಂಡಿಯಂ ಅಯಾನಿನ ವೇಗ ಸೆಕೆಂಡಿಗೆ ಸುಮಾರು 130 ಕಿಲೋಮೀಟರ್. ಇಲ್ಲಿಂದ ಹೊರಟರೆ ಒಂದು ಸೆಕೆಂಡಿನೊಳಗೆ ಬೀದರ್ ದಾಟಿರುತ್ತದೆ.

ಉಳಿದ ಎಲೆಕ್ಟ್ರಾನುಗಳನ್ನೂ ಹೊರಗೆ ಚೆಲ್ಲಲೇಬೇಕು. ಇಲ್ಲದಿದ್ದರೆ ಉಪಗ್ರಹಕ್ಕೆ ಋಣ ವಿದ್ಯುತ್ತು ತುಂಬಿ, ಹೊರಟ ಅಯಾನುಗಳನ್ನೇ ವಾಪಸ್ ಎಳೆಯುತ್ತದೆ.

ಬೆಂಕಿಯಿಲ್ಲದೆ ರಾಕೆಟ್ ಹೇಗೆ ಹೋಗುತ್ತದೆ ಎಂದು ಕೇಳುವವರಿಗೆ ಸಂತೋಷದಿಂದ ಹೇಳುತ್ತೇನೆ: ಹಿಂದಕ್ಕೆ ಏನನ್ನಾದರೂ ಎಸೆದರೆ ಸಾಕು. ಆದರೆ ಪುರಾಣ ಕಾಲದಲ್ಲಿ ಪಾದರಸ ಕಾಯಿಸಿ ನೆಲದಿಂದ ಹಾರುತ್ತಿದ್ದವಂತೆ ಎನ್ನುವ ವಿಮಾನಗಳ ವಿಡಿಯೋ ಕಳಿಸಿ "ನೋಡ್ರಿ, ನಮ್ಮವರಿಗೆ ಆಗಲೇ ಗೊತ್ತಿತ್ತು" ಎನ್ನುವವರನ್ನು ಕಂಡರೆ ಚಿಂತೆಯಾಗುತ್ತದೆ. ಮಕ್ಕಳು ಅದನ್ನು ನಂಬುತ್ತಾರೆ. ಪಾದರಸದ ಅಯಾನ್ ಎಂಜಿನ್ ನಿಜಕ್ಕೂ ಇತ್ತು. ಟೇಲರ್ ಲೆಕ್ಕ ಬಿಡಿಸಿದ 1964ರಲ್ಲೇ ನಾಸಾದ ಸರ್ಟ್-1 ಎಂಬ ಪ್ರಯೋಗ ನೌಕೆ ಅದನ್ನು ಬಾಹ್ಯಾಕಾಶದಲ್ಲಿ 31 ನಿಮಿಷ ಓಡಿಸಿತು. ಅಲ್ಲಿಗೆ ಅದನ್ನು ಹೊತ್ತೊಯ್ದದ್ದು ಮಾತ್ರ ಬೆಂಕಿಯುಗುಳುವ ರಾಕೆಟ್ಟೇ. ಇಂಥ ಎಂಜಿನ್ ತನ್ನ ಭಾರವನ್ನೇ ನೆಲದಿಂದ ಎತ್ತಲಾರದು.

ಇಂಡಿಯಂನ ಸಣ್ಣ ಎಂಜಿನ್ನಿನ ತಳ್ಳುವಿಕೆ ಎಷ್ಟು ಗೊತ್ತಾ? ಅಂಗೈ ಮೇಲೆ ಒಂದು ಜೋಳದ ಕಾಳು ಇಟ್ಟುಕೊಳ್ಳಿ. ಅಷ್ಟೇ, ಸುಮಾರು 300 ಮೈಕ್ರೋನ್ಯೂಟನ್. ಆದರೆ ಮೇಲೆ ಬಾಹ್ಯಾಕಾಶದಲ್ಲಿ ತಡೆಯುವ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. 4 ಕಿಲೋ ಉಪಗ್ರಹವನ್ನು ಬಿಡದೆ ಒಂದು ದಿನ ತಳ್ಳಿದರೆ ವೇಗದಲ್ಲಿ ಆಗುವ ಬದಲಾವಣೆ ಗಂಟೆಗೆ 23 ಕಿಲೋಮೀಟರ್, ಜೋರಾಗಿ ತುಳಿದ ಸೈಕಲ್ಲಿನಷ್ಟು. ಒಂದು ವಾರಕ್ಕೆ 160 ದಾಟುತ್ತದೆ.